ಎರಡು ಕೋಣೆಯ ನಗರ ಗ್ಯಾಲರಿಯನ್ನು ನೋಡುವ ಬಗೆ

ಪ್ರಶ್ನೆ: ಕೆಲಸದ ಮೇಲೆ ಹೋಗಿದ್ದ ಊರೊಂದರಲ್ಲಿ ಆ ನಗರದ ಬದುಕನ್ನೇ ವಿಷಯವಾಗಿಟ್ಟುಕೊಂಡ ಪುಟ್ಟ ಗ್ಯಾಲರಿ ಇತ್ತು. ಎರಡು ಕೋಣೆ, ಪ್ರವೇಶ ಉಚಿತ. ಹಳೆಯ ನಕ್ಷೆಗಳು, ಫೋಟೊಗಳು, ನಗರದ ಒಂದು ಮಾದರಿ, ಗೋಡೆ ತುಂಬ ಅಂಕಿಅಂಶ. ಇಪ್ಪತ್ತು ನಿಮಿಷದಲ್ಲಿ ಎಲ್ಲ ನೋಡಿ ಮುಗಿಯಿತು, ಸಂಜೆಯ ಹೊತ್ತಿಗೆ ಒಂದೂ ನೆನಪಿರಲಿಲ್ಲ. ಮುಂದಿನ ತಿಂಗಳು ಹನ್ನೊಂದು ವರ್ಷದ ಮಗಳ ಜೊತೆ ಮತ್ತೆ ಅಲ್ಲಿಗೆ ಹೋಗುತ್ತಿದ್ದೇನೆ. ಇಂಥ ಜಾಗವನ್ನು ಹೇಗೆ ನೋಡಬೇಕು? ಅದಕ್ಕೆ ಅರ್ಧ ದಿನ ಕೊಡುವುದು ಸರಿಯೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ. ಅರ್ಧ ದಿನ ಖಂಡಿತ ಕೊಡಿ. ಆದರೆ ಗ್ಯಾಲರಿಯೊಳಗೆ ಒಂದೂಕಾಲು ಗಂಟೆಗಿಂತ ಹೆಚ್ಚು ಬೇಡ, ಉಳಿದದ್ದು ಹೊರಗಿನ ಬೀದಿಗೆ. ಚಿತ್ರಕಲೆಯ ಗ್ಯಾಲರಿಯಲ್ಲಿ ಮೂಲಕೃತಿ ಗೋಡೆಯ ಮೇಲೇ ಇರುತ್ತದೆ. ನಗರ ಗ್ಯಾಲರಿಯ ಮೂಲಕೃತಿ ಇರುವುದು ಬಾಗಿಲಿನಾಚೆ. ಒಳಗಿನ ನಕ್ಷೆ, ಮಾದರಿ, ಫೋಟೊಗಳೆಲ್ಲ ಅದನ್ನು ಓದಲು ಕೈಗೆ ಕೊಟ್ಟ ಕನ್ನಡಕಗಳು. ಕನ್ನಡಕವನ್ನಷ್ಟೇ ನೋಡಿ ಬಂದರೆ ಸಂಜೆಗೆ ಮರೆತುಹೋಗುವುದು ಸಹಜ.

ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್ ಈ ಮಾತನ್ನು ನೂರಿಪ್ಪತ್ತು ವರ್ಷಕ್ಕೂ ಹಿಂದೆ ಅರಿತಿದ್ದರು. 1892ರಲ್ಲಿ ಎಡಿನ್‌ಬರಾದ ಒಂದು ಹಳೆಯ ಗೋಪುರವನ್ನು ಕೈಗೆ ತೆಗೆದುಕೊಂಡು ಅದನ್ನೇ ನಗರದ ಪ್ರದರ್ಶನಾಲಯ ಮಾಡಿದರು. ಬಂದವರನ್ನು ಅವರು ಮೊದಲು ಕರೆದೊಯ್ಯುತ್ತಿದ್ದುದು ತುತ್ತತುದಿಗೆ. ಅಲ್ಲಿನ ಕತ್ತಲೆ ಕೋಣೆಯಲ್ಲಿ ಕ್ಯಾಮೆರಾ ಅಬ್‌ಸ್ಕ್ಯೂರಾ ಎಂಬ ಸಾಧನದ ಮೂಲಕ ಜೀವಂತ ನಗರದ ಬಿಂಬ ಮೇಜಿನ ಮೇಲೆ ಬೀಳುತ್ತಿತ್ತು. ಅದನ್ನು ಕಂಡ ಮೇಲೆಯೇ ಕೆಳಗಿನ ಅಂತಸ್ತುಗಳ ನಕ್ಷೆ, ಚಿತ್ರಗಳ ಸರದಿ. ಮೊದಲು ಊರು, ಆಮೇಲೆ ಊರಿನ ಬಗೆಗಿನ ಮಾತು. ನೀವೂ ಇದೇ ಕ್ರಮ ಹಿಡಿಯಿರಿ: ಗ್ಯಾಲರಿಗೆ ವಾಹನದಲ್ಲಿ ಬಾಗಿಲವರೆಗೆ ಹೋಗಬೇಡಿ, ಅರ್ಧ ಕಿಲೊಮೀಟರ್ ಮೊದಲೇ ಇಳಿದು ನಡೆಯಿರಿ.

ಹೊರಡುವ ಮುನ್ನ ಎರಡು ವಿಚಾರಣೆ ಮಾಡಿಕೊಳ್ಳಿ. ಒಂದು, ರಜೆಯ ದಿನ. ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ ಎಂಬ ರೂಢಿಯ ಲೆಕ್ಕ ಇಲ್ಲಿ ಕೈಕೊಡಬಹುದು, ಏಕೆಂದರೆ ಸರಕಾರಿ ಕಚೇರಿಯ ಕಟ್ಟಡದಲ್ಲೇ ಇರುವ ಗ್ಯಾಲರಿಗಳು ಕಚೇರಿಯ ವಾರವನ್ನು ಅನುಸರಿಸಿ ಭಾನುವಾರವೇ ಮುಚ್ಚಿರಬಹುದು. ಇನ್ನೊಂದು, ಪ್ರದರ್ಶನ ಬದಲಾಗುವ ದಿನಗಳು. ದೊಡ್ಡ ಸಂಗ್ರಹಾಲಯ ಒಂದು ಭಾಗ ಮುಚ್ಚಿ ಉಳಿದದ್ದನ್ನು ತೆರೆದಿಡಬಲ್ಲದು. ಎರಡು ಕೋಣೆಯ ಜಾಗದಲ್ಲಿ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವ ತನಕ ಇಡೀ ಗ್ಯಾಲರಿಯೇ ಮುಚ್ಚುತ್ತದೆ. ಈಗಿನ ಪ್ರದರ್ಶನ ಯಾವ ತಾರೀಖಿಗೆ ಮುಗಿಯುತ್ತದೆ, ಮುಂದಿನದು ಎಂದು ಶುರು ಎಂದು ಫೋನ್ ಮಾಡಿ ಕೇಳಿ. ಉಚಿತ ಎಂದ ಮಾತ್ರಕ್ಕೆ ನೇರ ಒಳಗೆ ಹೋಗಬಹುದು ಎಂದೂ ಅಲ್ಲ, ಕೆಲವು ಕಡೆ ಹೊತ್ತು ಗೊತ್ತುಮಾಡಿದ ಉಚಿತ ಟಿಕೆಟ್ ಪಡೆಯಬೇಕಾಗುತ್ತದೆ. ಬಾಗಿಲಲ್ಲಿ ರಿಜಿಸ್ಟರ್ ಇದ್ದರೆ ತಪ್ಪದೆ ಬರೆಯಿರಿ. ಟಿಕೆಟ್ ಹಣವಿಲ್ಲದ ಜಾಗಕ್ಕೆ ಮುಂದಿನ ವರ್ಷದ ಅನುದಾನ ಕೇಳುವಾಗ ತೋರಿಸಲು ಇರುವುದು ಬಂದುಹೋದವರ ಸಂಖ್ಯೆಯೊಂದೇ.

ಬಾಗಿಲು ದಾಟುವ ಮೊದಲು ಇನ್ನೊಂದು ಕೆಲಸವಿದೆ. ಇಡೀ ಭೇಟಿಯಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ. ನೀವೂ ಮಗಳೂ ಒಂದೊಂದು ಹಾಳೆ ತೆಗೆದುಕೊಂಡು, ಫೋನು ನೋಡದೆ, ಪರಸ್ಪರ ಇಣುಕದೆ, ಐದೇ ನಿಮಿಷದಲ್ಲಿ ಆ ಊರಿನ ನಕ್ಷೆಯನ್ನು ನೆನಪಿನಿಂದ ಬರೆಯಿರಿ. ಗೊತ್ತಿರುವಷ್ಟೇ ಸಾಕು: ನಿಲ್ದಾಣ, ಉಳಿದುಕೊಂಡ ಜಾಗ, ನಡೆದು ಬಂದ ದಾರಿ. ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲಿಸ್ ನಗರಗಳ ನಿವಾಸಿಗಳಿಂದ ಇಂಥ ನಕ್ಷೆಗಳನ್ನು ಬರೆಸಿ, 1960ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಜನರ ಮನಸ್ಸಿನಲ್ಲಿ ನಗರ ಐದು ಬಗೆಯ ತುಣುಕುಗಳಾಗಿ ಕೂತಿರುತ್ತದೆ ಎಂಬುದು ಅವರು ಕಂಡುಕೊಂಡದ್ದು: ನಡೆಯುವ ದಾರಿಗಳು, ದಾಟಲಾಗದ ಅಂಚುಗಳು (ಹಳಿ, ನದಿ, ಗೋಡೆ), ಒಂದೇ ಬಗೆಯೆನಿಸುವ ಕೇರಿಗಳು, ದಾರಿಗಳು ಸೇರುವ ಕೂಡುತಾಣಗಳು, ದೂರದಿಂದ ಕಾಣುವ ಗುರುತುಗಳು. ನಿಮ್ಮ ಹಾಳೆಯಲ್ಲಿ ಈ ಐದರಲ್ಲಿ ಯಾವುದಿದೆ, ಯಾವುದಿಲ್ಲ ನೋಡಿಕೊಳ್ಳಿ. ದೊಡ್ಡವರ ಹಾಳೆಯಲ್ಲಿ ರಸ್ತೆಗಳೇ ತುಂಬಿರುವುದು, ಮಕ್ಕಳ ಹಾಳೆಯಲ್ಲಿ ಮರ, ಮೆಟ್ಟಿಲು, ನಾಯಿ ಕಂಡ ಮೂಲೆ ಬಂದಿರುವುದು ಸಾಮಾನ್ಯ. ಯಾವ ಹಾಳೆಯನ್ನೂ ತಿದ್ದಬೇಡಿ. ಈ ಎರಡು ಹಾಳೆಗಳನ್ನು ಹಿಡಿದು ಒಳಗೆ ಹೋದರೆ ಗೋಡೆಯ ನಕ್ಷೆಗೆ ಕೇಳಲು ನಿಮ್ಮದೇ ಪ್ರಶ್ನೆಗಳಿರುತ್ತವೆ.

ಒಳಗೆ ಹೋದೊಡನೆ ಮೊದಲ ಫಲಕದಿಂದ ಓದಲು ಆರಂಭಿಸುವುದೇ ಎಲ್ಲರೂ ಮಾಡುವ ತಪ್ಪು. ಲೆಕ್ಕ ಹಾಕಿ: ಫಲಕಕ್ಕೆ ನೂರೈವತ್ತು ಪದ, ಮೂವತ್ತು ಫಲಕ ಎಂದರೆ ನಾಲ್ಕೂವರೆ ಸಾವಿರ ಪದಗಳನ್ನು ನಿಂತೇ ಓದಿದಂತೆ. ಕುತ್ತಿಗೆ ಬಗ್ಗಿಸಿ, ಮೊಣಕಾಲು ಮಡಿಸಿ, ಪಕ್ಕದವರಿಗೆ ಜಾಗ ಬಿಟ್ಟು. ಬಾಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ವಸ್ತುಗಳನ್ನು ನೋಡಲು ನೋಡುಗ ಎಷ್ಟೆಲ್ಲ ಬಗ್ಗಬೇಕಾಗುತ್ತದೆ ಎಂಬುದರ ಫೋಟೊಗಳನ್ನು ತೆಗೆಸಿ, ಈ ದಣಿವಿಗೆ ‘ಮ್ಯೂಸಿಯಂ ಆಯಾಸ’ ಎಂದು ಹೆಸರು ಕೊಟ್ಟಿದ್ದರು. ಗ್ಯಾಲರಿ ಸಣ್ಣದಾದರೂ ಈ ದಣಿವು ಸಣ್ಣದಲ್ಲ. ಮೊದಲ ಹತ್ತು ನಿಮಿಷ ಏನನ್ನೂ ಓದದೆ ಎರಡೂ ಕೋಣೆ ಸುತ್ತಿ. ಕಾಲು ತಾನಾಗಿ ನಿಂತ ಜಾಗಗಳಲ್ಲಿ ಮೂರನ್ನು ಆರಿಸಿ, ಒಂದೊಂದಕ್ಕೆ ಹದಿನೈದು ನಿಮಿಷ ಕೊಡಿ. ಮೂರರಲ್ಲಿ ಒಂದು ನಕ್ಷೆ ಅಥವಾ ಮಾದರಿ ಆಗಿರಲಿ. ಉಳಿದದ್ದು ಬಿಟ್ಟುಹೋಯಿತಲ್ಲ ಎಂಬ ಕೊರಗು ಬೇಡ. ಉಚಿತ ಪ್ರವೇಶದ ನಿಜವಾದ ಲಾಭ ಇರುವುದೇ ಮತ್ತೊಮ್ಮೆ ಬರಬಹುದು ಎಂಬುದರಲ್ಲಿ.

ಕಾಗದದ ನಕ್ಷೆ, ಹಳೆಯ ಫೋಟೊ ಇಟ್ಟ ಕೋಣೆ ಮಬ್ಬಾಗಿರುತ್ತದೆ. ಇಂಥ ವಸ್ತುಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕನ್ನಷ್ಟೇ ಬಿಡುತ್ತಾರೆ, ಏಕೆಂದರೆ ಬೆಳಕಿನಿಂದಾದ ಹಾನಿ ಮರಳಿ ಸರಿಹೋಗುವುದಿಲ್ಲ. ಬಿಸಿಲಿನಿಂದ ಬಂದವರ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು, ಓದದೆ ಸುತ್ತುವ ಆ ಹತ್ತು ನಿಮಿಷ ಅದಕ್ಕೂ ಆಯಿತು. ಫೋಟೊ ತೆಗೆಯಲು ಅನುಮತಿ ಇದ್ದರೆ ಫ್ಲಾಶ್ ಆರಿಸಿ, ಮೊದಲು ಲೇಬಲ್, ಆಮೇಲೆ ವಸ್ತು ತೆಗೆಯಿರಿ. ಹಿಂದುಮುಂದಾದರೆ ಮನೆಗೆ ಬಂದಮೇಲೆ ಯಾವ ಚಿತ್ರ ಯಾವ ವರ್ಷದ್ದು ಎಂದು ತಿಳಿಯದೆ ಎಲ್ಲ ಗೊಂದಲವಾಗುತ್ತದೆ. ಗಾಜಿನ ಪ್ರತಿಫಲನ ಕಾಡಿದರೆ ನೇರ ಎದುರಿಗೆ ನಿಲ್ಲದೆ ತುಸು ಓರೆಯಾಗಿ ನಿಂತು ತೆಗೆಯಿರಿ.

ಈಗ ನಕ್ಷೆ. ಅದರ ಮುಂದೆ ನಿಂತಾಗ ಊರನ್ನು ಹುಡುಕುವ ಮೊದಲು ಅಂಚುಗಳನ್ನು ನೋಡಿ. ಉತ್ತರ ಯಾವ ಕಡೆ? ಹಳೆಯ ನಕ್ಷೆಗಳಲ್ಲಿ ಅದು ಮೇಲೇ ಇರಬೇಕೆಂದಿಲ್ಲ. ಕೋಟೆ, ನದಿ, ಬಂದರು ಯಾವ ಕಡೆಯಿಂದ ಚೆನ್ನಾಗಿ ಕಾಣುತ್ತಿತ್ತೋ ಆ ಕಡೆಗೆ ತಿರುಗಿರುತ್ತದೆ. ವರ್ಷ ಯಾವುದು? ಅಳೆದ ವರ್ಷವೇ, ಅಚ್ಚಾದ ವರ್ಷವೇ? ಎರಡರ ನಡುವೆ ಹಲವು ವರ್ಷ ಇರಬಹುದು. ಯಾರು ಮಾಡಿಸಿದರು, ಏತಕ್ಕೆ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ನಕ್ಷೆಯ ಬಣ್ಣಗಳೆಲ್ಲ ಬಾಯಿ ಬಿಡುತ್ತವೆ. ಅಮೆರಿಕದ ಸ್ಯಾನ್‌ಬಾರ್ನ್ ನಕ್ಷೆಗಳು ಬೆಂಕಿವಿಮೆಗಾಗಿ ಆದವು: ಅಲ್ಲಿ ಗುಲಾಬಿ ಎಂದರೆ ಇಟ್ಟಿಗೆ, ಹಳದಿ ಎಂದರೆ ಮರದ ಕಟ್ಟಡ, ಅಂದರೆ ಬೇಗ ಹೊತ್ತಿಕೊಳ್ಳುವುದು. ಲಂಡನ್ನಿನಲ್ಲಿ ಚಾರ್ಲ್ಸ್ ಬೂತ್ 1889ರಿಂದ ಪ್ರಕಟಿಸಿದ ಬಡತನದ ನಕ್ಷೆಗಳಲ್ಲಿ ಅದೇ ಹಳದಿ ಎಂದರೆ ಸಿರಿವಂತರ ಬೀದಿ, ಕಪ್ಪು ಎಂದರೆ ಕಡುಬಡವರದು. ಎರಡರಲ್ಲೂ ಇರುವುದು ಬೀದಿ ಬೀದಿಯ ಲೆಕ್ಕ, ಬಣ್ಣವೂ ಒಂದೇ, ಅರ್ಥ ಮಾತ್ರ ಪೂರಾ ಬೇರೆ. ಹಾಗಾಗಿ ಬಣ್ಣದ ಸೂಚಿಯನ್ನು ಓದುವವರೆಗೆ ನಕ್ಷೆಯನ್ನು ಓದಿದಂತಲ್ಲ.

ಬಿಳಿಯಾಗಿ ಬಿಟ್ಟ ಜಾಗವನ್ನೂ ಓದಿ. 1748ರಲ್ಲಿ ಜಂಬಾಟಿಸ್ಟಾ ನೊಲ್ಲಿ ಬರೆದ ರೋಮ್ ನಕ್ಷೆಯಲ್ಲಿ ಮನೆಗಳೆಲ್ಲ ಗಾಢವಾಗಿ ತುಂಬಿವೆ. ಚರ್ಚುಗಳ ಒಳಾಂಗಣ ಮಾತ್ರ ಬೀದಿಯಂತೆಯೇ ಬಿಳಿ, ಏಕೆಂದರೆ ಅಲ್ಲಿ ಯಾರು ಬೇಕಾದರೂ ಒಳಗೆ ನಡೆಯಬಹುದಿತ್ತು. ಸಾರ್ವಜನಿಕ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಚಿತ್ರ ಸಿಗುವುದು ಕಷ್ಟ. ಇದಕ್ಕೆ ವ್ಯತಿರಿಕ್ತವಾಗಿ, ಅನೇಕ ಅಧಿಕೃತ ನಕ್ಷೆಗಳಲ್ಲಿ ಜನ ದಟ್ಟವಾಗಿ ನೆಲೆಸಿದ ಬಡವರ ಬಡಾವಣೆಯೇ ಖಾಲಿ ಬಿಳಿಯಾಗಿ ಉಳಿದಿರುತ್ತದೆ. ಅಳತೆಗಾರರಿಗೆ ಅದು ಮನೆ ಎಂದು ಎಣಿಸಬೇಕಾದದ್ದಾಗಿ ಕಂಡಿರಲಿಲ್ಲ. ಅಂಥ ಖಾಲಿ ಜಾಗ ಕಂಡರೆ ಅದೇ ವರ್ಷಗಳ ಫೋಟೊವೊಂದನ್ನು ಕೋಣೆಯಲ್ಲೇ ಹುಡುಕಿ ಹೋಲಿಸಿ.

ಮಗಳಿಗೆ ಇಲ್ಲಿ ಒಂದು ಕೆಲಸ ಕೊಡಿ. ಅರ್ಧ ಮೀಟರ್ ದಾರ ಜೊತೆಗಿರಲಿ. ಗಾಜಿನ ಹೊರಗಿನಿಂದ, ನಕ್ಷೆಯನ್ನು ಮುಟ್ಟದೆ, ನಿಲ್ದಾಣದಿಂದ ಗ್ಯಾಲರಿವರೆಗಿನ ದಾರಿಯ ತಿರುವುಗಳಿಗೆ ತಕ್ಕಂತೆ ದಾರವನ್ನು ಹಿಡಿದು, ಆಮೇಲೆ ಅದೇ ದಾರವನ್ನು ನಕ್ಷೆಯಲ್ಲೇ ಬರೆದಿರುವ ಅಳತೆಪಟ್ಟಿಯ ನೇರಕ್ಕೆ ಹಿಡಿದು ದೂರ ಓದಬೇಕು. ಸಾಮಾನ್ಯ ನಡಿಗೆ ನಿಮಿಷಕ್ಕೆ ಸುಮಾರು 80 ಮೀಟರ್. ದೂರವನ್ನು ಎಂಬತ್ತರಿಂದ ಭಾಗಿಸಿದರೆ ನಡೆಯಲು ಬೇಕಾದ ನಿಮಿಷ ಸಿಗುತ್ತದೆ. ಈ ಉತ್ತರವನ್ನು ಆಕೆ ಹಾಳೆಯ ಹಿಂದೆ ಬರೆದಿಟ್ಟುಕೊಳ್ಳಲಿ, ಹೊರಗೆ ಬಂದಮೇಲೆ ಗಡಿಯಾರ ಹಿಡಿದು ಪರೀಕ್ಷಿಸುವುದಿದೆ.

ನಗರದ ಮಾದರಿಯ ಮುಂದೆ ಎಲ್ಲರೂ ಹೆಚ್ಚು ಹೊತ್ತು ನಿಲ್ಲುತ್ತಾರೆ, ಮೋಸ ಹೋಗುವುದೂ ಅಲ್ಲಿಯೇ. ಮೊದಲು ಅದರ ಪ್ರಮಾಣ ಕೇಳಿ. 1:400 ಎಂದರೆ ಒಂದು ಸೆಂಟಿಮೀಟರಿಗೆ ನಾಲ್ಕು ಮೀಟರ್. ಒಂದು ನಿಮಿಷದ ನಡಿಗೆ ಅಲ್ಲಿ ಇಪ್ಪತ್ತು ಸೆಂಟಿಮೀಟರ್. ಸಿಂಗಾಪುರದ ನಗರ ಗ್ಯಾಲರಿಯಲ್ಲಿರುವ ನಡುನಗರದ ಮಾದರಿ ಈ ಪ್ರಮಾಣದ್ದು. ನ್ಯೂಯಾರ್ಕಿನ ಕ್ವೀನ್ಸ್ ಮ್ಯೂಸಿಯಂನಲ್ಲಿ 1964ರ ವಿಶ್ವಮೇಳಕ್ಕೆಂದು ಮಾಡಿದ ಇಡೀ ನಗರದ ಮಾದರಿ 1:1200, ಅಲ್ಲಿ ಒಂದು ನಿಮಿಷದ ನಡಿಗೆ ಏಳು ಸೆಂಟಿಮೀಟರಿಗೂ ಕಡಿಮೆ. ಪ್ರಮಾಣ ಬರೆದಿರದಿದ್ದರೆ ಮಾದರಿಯಲ್ಲೇ ಅಳತೆಗೋಲು ಹುಡುಕಿ: ದೊಡ್ಡ ನಗರ ಬಸ್ಸು ಸುಮಾರು 12 ಮೀಟರ್ ಉದ್ದ, ವಸತಿ ಕಟ್ಟಡದ ಒಂದು ಅಂತಸ್ತು ಸುಮಾರು 3 ಮೀಟರ್, ಫುಟ್‌ಬಾಲ್ ಮೈದಾನದ ಉದ್ದ ನೂರು ಮೀಟರ್ ಆಸುಪಾಸು.

ಮೋಸ ಏನೆಂದರೆ ನೋಡುವ ಎತ್ತರ. 1:400ರ ಮಾದರಿಗಿಂತ ನಿಮ್ಮ ಕಣ್ಣು ಅರವತ್ತು ಸೆಂಟಿಮೀಟರ್ ಮೇಲಿದ್ದರೆ ನೀವು 240 ಮೀಟರ್ ಎತ್ತರದಿಂದ ನೋಡುತ್ತಿದ್ದೀರಿ. ಅಷ್ಟು ಮೇಲಿನಿಂದ ಯಾವ ಊರೂ ಅಂದವಾಗಿ, ಕ್ರಮವಾಗಿ ಕಾಣುತ್ತದೆ. ಗೋಪುರಗಳ ಜೋಡಣೆ ಕಾಣುತ್ತದೆ. ಅವುಗಳ ಬುಡದಲ್ಲಿ ನಡೆಯುವವರಿಗೆ ನೆರಳಿದೆಯೇ, ರಸ್ತೆ ದಾಟಲು ಜಾಗವಿದೆಯೇ ಎಂಬುದು ಕಾಣುವುದಿಲ್ಲ. ಅದೇ ಮಾದರಿಯಲ್ಲಿ 1.6 ಮೀಟರ್ ಎತ್ತರದ ಮನುಷ್ಯ ನಾಲ್ಕೇ ಮಿಲಿಮೀಟರ್. ಕುಳಿತುಕೊಂಡು, ಕಣ್ಣನ್ನು ಮೇಜಿನ ಅಂಚಿನ ಮಟ್ಟಕ್ಕೆ ತಂದು, ಒಂದು ಬೀದಿಯ ಉದ್ದಕ್ಕೆ ದೃಷ್ಟಿ ಹಾಯಿಸಿ. ಹನ್ನೊಂದು ವರ್ಷದವಳಿಗೆ ಇದು ನಿಮಗಿಂತ ಸುಲಭ, ಆಕೆಯೇ ನೋಡಿ ಹೇಳಲಿ. ಫೋನನ್ನು ಅಂಚಿನ ಮಟ್ಟದಲ್ಲಿ ಹಿಡಿದು ತೆಗೆದ ಒಂದು ಫೋಟೊ, ಮೇಲಿನಿಂದ ತೆಗೆದ ಹತ್ತಕ್ಕಿಂತ ಹೆಚ್ಚು ಹೇಳುತ್ತದೆ.

ಇನ್ನೂ ಕಟ್ಟಿರದ ಕಟ್ಟಡಗಳನ್ನು ಬೇರೆ ಬಣ್ಣದಲ್ಲಿ ಅಥವಾ ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ತೋರಿಸುವುದು ವಾಡಿಕೆ. ಯಾವುದು ಇದೆ, ಯಾವುದು ಬರಲಿದೆ, ಯಾವುದು ಬರಲಿ ಎಂಬ ಆಸೆ ಮಾತ್ರ ಎಂದು ಮೂರು ಗುಂಪು ಮಾಡಿ ಕೇಳಿ. ಮಾದರಿಗೂ ಒಂದು ತಾರೀಖಿದೆ. ನ್ಯೂಯಾರ್ಕಿನ ಆ ಮಾದರಿಯ ಕೊನೆಯ ದೊಡ್ಡ ಪರಿಷ್ಕರಣೆ ಆದದ್ದು 1992ರಲ್ಲಿ. ಮರಗಳನ್ನು ಬೆಳೆದು ನಿಂತ ಗಾತ್ರದಲ್ಲೇ ಇಟ್ಟಿರುತ್ತಾರೆ, ನಿಜವಾದ ಸಸಿ ಅಷ್ಟಾಗಲು ಹತ್ತಿಪ್ಪತ್ತು ವರ್ಷ ಬೇಕು.

ಯಾರ ಗ್ಯಾಲರಿ ಎಂಬುದನ್ನು ತಿಳಿಯದೆ ಈ ಮಾತುಗಳನ್ನು ತೂಗಲಾಗದು. ಸಿಂಗಾಪುರದ್ದು ಅಲ್ಲಿನ ನಗರ ಯೋಜನಾ ಪ್ರಾಧಿಕಾರದ್ದೇ. 1988ರಲ್ಲಿ ತೆರೆದ ಪ್ಯಾರಿಸ್‌ನ ಪವಿಲಿಯನ್ ಡಿ ಲಾರ್ಸೆನಾಲ್ ಕೂಡ ನಗರ ಯೋಜನೆ, ವಾಸ್ತುಶಿಲ್ಪಗಳ ಬಗ್ಗೆ ಜನರಿಗೆ ತಿಳಿಸಲೆಂದೇ ಹುಟ್ಟಿದ ಉಚಿತ ಜಾಗ. ಯೋಜನಾ ಇಲಾಖೆಯ ಗ್ಯಾಲರಿ ನಾಳೆಯ ಕಡೆ ವಾಲುತ್ತದೆ, ಇತಿಹಾಸಾಸಕ್ತರ ಸಂಘದ್ದು ನಿನ್ನೆಯ ಕಡೆ, ಕಲಾವಿದರ ಗುಂಪಿನದು ಇಂದಿನ ದಿನಚರಿಯ ಕಡೆ. ಯಾವುದೂ ತಪ್ಪಲ್ಲ. ಆದರೆ ಮೂರರಲ್ಲಿ ನೀವು ನಿಂತಿರುವುದು ಯಾವುದರಲ್ಲಿ ಎಂದು ಪ್ರವೇಶದ್ವಾರದ ಬಳಿಯ ಪ್ರಾಯೋಜಕರ ಪಟ್ಟಿ ಹೇಳುತ್ತದೆ. ಅದನ್ನು ಓದಿ.

ಫೋಟೊಗಳ ಬಗ್ಗೆ ಒಂದು ಎಚ್ಚರಿಕೆ. ಬಹಳ ಹಳೆಯ ಬೀದಿಚಿತ್ರಗಳು ನಿರ್ಜನವಾಗಿ ಕಂಡರೆ ಆ ಕಾಲದಲ್ಲಿ ಜನ ಇರಲಿಲ್ಲವೆಂದಲ್ಲ. ಫೋಟೊಗ್ರಫಿಯ ಮೊದಲಿಗರಲ್ಲೊಬ್ಬರಾದ ಲೂಯಿ ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ ಜನನಿಬಿಡ ರಸ್ತೆಯನ್ನು ಸೆರೆಹಿಡಿದಾಗ ಬೆಳಕು ಬೀಳಿಸಲು ಹಲವು ನಿಮಿಷ ಬೇಕಾಗಿತ್ತು. ಗಾಡಿ, ಕುದುರೆ, ನಡೆಯುವವರು ಯಾರೂ ತಟ್ಟೆಯ ಮೇಲೆ ಉಳಿಯಲಿಲ್ಲ. ಒಂದು ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಅಲುಗದೆ ನಿಂತಿದ್ದ ಒಬ್ಬ ಮಾತ್ರ ಎದ್ದು ಕಾಣುತ್ತಾನೆ. ಬೀದಿಯ ಗದ್ದಲವನ್ನೆಲ್ಲ ಕ್ಯಾಮೆರಾವೇ ಅಳಿಸಿತ್ತು. ‘ಅಂದು–ಇಂದು’ ಎಂಬ ಜೋಡಿ ಚಿತ್ರಗಳಲ್ಲೂ ಕ್ಯಾಮೆರಾ ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ನಿಂತಿದೆಯೇ ನೋಡಿ. ಅಗಲ ಲೆನ್ಸಿನಲ್ಲಿ ತೆಗೆದ ಇಂದಿನ ಚಿತ್ರ ರಸ್ತೆಯನ್ನು ಇರುವುದಕ್ಕಿಂತ ವಿಶಾಲವಾಗಿ ತೋರಿಸುತ್ತದೆ. ಕಟ್ಟಡ ಬಿಟ್ಟು ನೆಲ ನೋಡಿ: ಫುಟ್‌ಪಾತಿನ ಅಂಚು ಎಲ್ಲಿತ್ತು, ಈಗ ಎಲ್ಲಿದೆ?

ಅಂಕಿಅಂಶದ ಗೋಡೆಗೆ ಹೆಚ್ಚು ಹೊತ್ತು ಬೇಡ, ಎರಡು ಬಲೆಗಳನ್ನು ತಿಳಿದಿದ್ದರೆ ಸಾಕು. ಜನಸಂಖ್ಯೆಯ ಗೆರೆ ಒಂದು ದಶಕದಲ್ಲಿ ದಿಢೀರನೆ ಮೇಲೇರಿದ್ದರೆ ಜನ ಬಂದು ಸೇರಿದರೆಂದೇ ಅಲ್ಲ, ನಗರದ ಎಲ್ಲೆ ಸುತ್ತಲಿನ ಹಳ್ಳಿಗಳನ್ನು ಒಳಗೆ ಎಳೆದುಕೊಂಡಿರಬಹುದು. ಆ ವರ್ಷದ ವಿಸ್ತೀರ್ಣ ಎಷ್ಟು ಎಂದು ಕೇಳಿ. ಇನ್ನೊಂದು ಜನಸಾಂದ್ರತೆ. ಉದಾಹರಣೆಗೆ 100 ಚದರ ಕಿಲೊಮೀಟರಿನಲ್ಲಿ ಹತ್ತು ಲಕ್ಷ ಜನ ಎಂದರೆ ಚದರ ಕಿಲೊಮೀಟರಿಗೆ ಹತ್ತು ಸಾವಿರ. ಅದರಲ್ಲಿ 30 ಚದರ ಕಿಲೊಮೀಟರ್ ಕೆರೆ, ಕಾಡು, ವಿಮಾನ ನಿಲ್ದಾಣವಾಗಿದ್ದರೆ ಜನ ನಿಜಕ್ಕೂ ಬದುಕುತ್ತಿರುವ ನೆಲದಲ್ಲಿ ಅದು ಹದಿನಾಲ್ಕು ಸಾವಿರ ದಾಟುತ್ತದೆ.

ಮಾತಿನ ಧ್ವನಿಮುದ್ರಣಗಳಿದ್ದರೆ ಹತ್ತನ್ನು ಅರ್ಧರ್ಧ ಕೇಳುವ ಬದಲು ಒಂದನ್ನು ಕೊನೆಯವರೆಗೆ ಕೇಳಿ, ಹೇಳುವವರು ಮುಖ್ಯ ಮಾತಿಗೆ ಬರುವುದು ಸಾಮಾನ್ಯವಾಗಿ ತಡವಾಗಿಯೇ. ಮೇಜಿನ ಬಳಿ ಕುಳಿತ ಸಿಬ್ಬಂದಿಯನ್ನು ಮಾತನಾಡಿಸದೆ ಬರಬೇಡಿ. ‘ಇಲ್ಲಿ ವಿಶೇಷ ಏನು?’ ಎಂದು ಕೇಳಿದರೆ ಕರಪತ್ರ ಸಿಗುತ್ತದೆ. ‘ಜಾಗ ಸಾಲದೆ ಯಾವುದನ್ನು ಹೊರಗಿಟ್ಟಿರಿ?’, ‘ಊರಿನವರು ಬಂದಾಗ ಯಾವುದರ ಮುಂದೆ ನಿಂತು ಜಗಳ ತೆಗೆಯುತ್ತಾರೆ?’ ಎಂದು ಕೇಳಿದರೆ ಗ್ಯಾಲರಿ ತೆರೆದುಕೊಳ್ಳುತ್ತದೆ. ಸಣ್ಣ ಜಾಗದ ದೊಡ್ಡ ಅನುಕೂಲ ಇದೇ: ಪ್ರದರ್ಶನ ಕಟ್ಟಿದವರೇ ಅಲ್ಲಿ ಕುಳಿತಿರುವ ಸಾಧ್ಯತೆ ಹೆಚ್ಚು.

ಆಮೇಲೆ ಬೀದಿ. ನಕ್ಷೆಯಲ್ಲೂ ಮಾದರಿಯಲ್ಲೂ ಕಂಡ 400–500 ಮೀಟರಿನ ಒಂದೇ ತುಂಡನ್ನು ಆರಿಸಿ. ಮೊದಲು ದಾರದಿಂದ ಬಂದ ನಿಮಿಷಗಳ ಲೆಕ್ಕವನ್ನು ನಡೆದು ಪರೀಕ್ಷಿಸಿ. ಹೆಚ್ಚಾದರೆ ಎಲ್ಲಿ ಹೆಚ್ಚಾಯಿತು ಎಂದು ಗುರುತಿಸಿ: ಸಿಗ್ನಲ್ಲಿನಲ್ಲಿ ಕಾದದ್ದೋ, ಫುಟ್‌ಪಾತ್ ಮುಗಿದು ಸುತ್ತುಹಾಕಿದ್ದೋ? ನಂತರ ನೂರು ಮೀಟರಿನಲ್ಲಿ ಬೀದಿಗೆ ತೆರೆಯುವ ಬಾಗಿಲುಗಳೆಷ್ಟು ಎಂದು ಎಣಿಸಿ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಹದಿನೈದರಿಂದ ಇಪ್ಪತ್ತು ಬಾಗಿಲಿರುವ ಬೀದಿಬದಿಯನ್ನು ಜೀವಂತಿಕೆಯ ಮೇಲಿನ ದರ್ಜೆಗೆ ಸೇರಿಸುತ್ತಾರೆ. ಕೊನೆಗೆ ಒಂದು ಕಡೆ ಕುಳಿತು ಹತ್ತು ನಿಮಿಷ, ಒಂದು ಕಾಲ್ಪನಿಕ ಗೆರೆ ದಾಟುವವರನ್ನು ಎಣಿಸಿ. ನಿಂತವರು, ಕುಳಿತವರು ಬೇರೆ ಬೇರೆ. ಆರರಿಂದ ಗುಣಿಸಿದರೆ ಗಂಟೆಯ ಅಂದಾಜು. ಮಳೆ ಬಂದರೆ ಅಥವಾ ಶಾಲೆ ಬಿಡುವ ಹೊತ್ತಾದರೆ ಸಂಖ್ಯೆ ತಲೆಕೆಳಗಾಗುತ್ತದೆ, ಆದ್ದರಿಂದ ಸಮಯ, ಹವೆ ಬರೆದಿಡಿ. ಈಗ ಬೆಳಗ್ಗೆಯ ಎರಡು ಹಾಳೆಗಳ ಹಿಂಬದಿಯಲ್ಲಿ ಅದೇ ಊರಿನ ನಕ್ಷೆಯನ್ನು ಮತ್ತೆ ಐದು ನಿಮಿಷ ಬರೆಯಿರಿ.

ಒಂದು ಮಾತು ಉಳಿದಿದೆ. ಗ್ಯಾಲರಿಯಲ್ಲಿ ಮುಂದಿನ ಯೋಜನೆಯ ಕರಡನ್ನು ಇಟ್ಟಿದ್ದರೆ, ಅಲ್ಲಿನ ಅಭಿಪ್ರಾಯ ಪುಸ್ತಕದಲ್ಲಿ ಬರೆದದ್ದು ಕಾನೂನಿನ ಲೆಕ್ಕದಲ್ಲಿ ಆಕ್ಷೇಪಣೆ ಎಂದು ದಾಖಲಾಗದಿರಬಹುದು. ಆಕ್ಷೇಪಣೆಗೆ ಸಾಮಾನ್ಯವಾಗಿ ಬೇರೆಯೇ ವಿಳಾಸ, ಬೇರೆಯೇ ಗಡುವು ಇರುತ್ತದೆ. ಎರಡನ್ನೂ ಮೇಜಿನಲ್ಲಿ ಕೇಳಿ ಬರೆದುಕೊಳ್ಳಿ. ಫಲಕದಲ್ಲಿ ತಪ್ಪು ಕಂಡರೆ ‘ಮಾಹಿತಿ ಸರಿಯಿಲ್ಲ’ ಎಂದಷ್ಟೇ ಬರೆಯಬೇಡಿ. ಯಾವ ಫಲಕ, ಯಾವ ಸಾಲು, ಸರಿಯಾದದ್ದು ಏನು, ನಿಮಗೆ ಹೇಗೆ ಗೊತ್ತು ಎಂದು ನಾಲ್ಕು ಸಾಲು ಬರೆಯಿರಿ. ಸಣ್ಣ ಗ್ಯಾಲರಿಗಳಲ್ಲಿ ಅಂಥ ಚೀಟಿ ಮುಂದಿನ ಫಲಕ ಅಚ್ಚಾಗುವ ಮುನ್ನ ಸರಿಯಾದ ಕೈಗೆ ತಲುಪುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.